ಬಿಟ್ಟ ಹದಿನೇಳು ವಿದ್ಯೆಗಳು

ಹಡಗಿನಿಂದ ಇಳಿದ ಕೈದಿಗೆ ಮೊದಲು ಎದುರಾಗುವುದು ರಾಕ್ಷಸನೂ ಅಲ್ಲ, ರಾಜಕುಮಾರಿಯೂ ಅಲ್ಲ. ಒಂದು ಸರಕಾರಿ ಕಚೇರಿ. ಜನಗಣತಿ ಮತ್ತು ಸುಂಕದ ಕಚೇರಿ. ಹೆಸರನ್ನು ಹಡಗಿನಲ್ಲೇ ಕೇಳಿಯಾಗಿದೆ. ಕುಲ ಯಾವುದೆಂಬುದನ್ನು ಬಂದರಿನ ಕಟ್ಟೆಯ ಮೇಲೆ ಕಾವಲುಗಾರ ಬರೆಸಿಕೊಂಡಿದ್ದಾನೆ. ಒಳಗಿರುವ ವಯಸ್ಸಾದ ಅಧಿಕಾರಿಗೆ ಇನ್ನೆರಡು ವಿವರ ಬೇಕು. ಮಾಡುವ ಕಸುಬು ಯಾವುದು, ಹುಟ್ಟಿದ್ದು ಯಾವ ನಕ್ಷತ್ರದಲ್ಲಿ? ಈ ಎರಡು ಕಲಂ ತುಂಬದೆ ಬಿಡುಗಡೆಯ ಕಾಗದ ಸಿಗುವಂತಿಲ್ಲ. ಕಲ್ಪನೆಯ ಲೋಕಕ್ಕೆ ಹೋದರೂ ಫಾರಂ ತುಂಬುವ ಕೆಲಸ ತಪ್ಪಿದ್ದಲ್ಲ ಎನ್ನಬೇಕು.

ಅಮೆರಿಕದ ಬೆಥೆಸ್ಡಾ ಸಂಸ್ಥೆ 2002ರಲ್ಲಿ ಹೊರತಂದ ‘ಮಾರೋವಿಂಡ್’ ಎಂಬ ಕಂಪ್ಯೂಟರ್ ಆಟ ಶುರುವಾಗುವುದು ಹೀಗೆ. ಇಂಥ ಆಟಗಳನ್ನು ಸ್ಯಾಂಡ್‌ಬಾಕ್ಸ್ ಎನ್ನುತ್ತಾರೆ. ಮನೆ ಕಟ್ಟಿಸುವವರು ಬೀದಿಯಲ್ಲಿ ಸುರಿದ ಮರಳಿನ ಗುಡ್ಡೆಯ ಮೇಲೆ ಮಕ್ಕಳು ಆಡುವುದನ್ನು ಕಂಡವರಿಗೆ ಅದರ ಅರ್ಥ ವಿವರಿಸಬೇಕಾಗಿಲ್ಲ. ಒಬ್ಬ ಸುರಂಗ ತೋಡುತ್ತಾನೆ, ಇನ್ನೊಬ್ಬಳು ಗುಬ್ಬಚ್ಚಿ ಗೂಡು ಕಟ್ಟುತ್ತಾಳೆ, ಮತ್ತೊಬ್ಬ ಸುಮ್ಮನೆ ಜಾರುತ್ತಾನೆ. ಇದನ್ನೇ ಮಾಡು ಎಂದು ಹೇಳುವವರಿಲ್ಲ. ಮಾರೋವಿಂಡ್‌ನಲ್ಲೂ ಅಷ್ಟೆ. ನಡುವೆ ಬೆಂಕಿ ಬೆಟ್ಟವಿರುವ ದೊಡ್ಡ ದ್ವೀಪವೊಂದು ಕಣ್ಣ ಮುಂದಿದೆ. ಕಥೆಯೊಂದು ಇದೆ ನಿಜ, ಆದರೆ ಅದರ ಬೆನ್ನು ಹತ್ತಲೇಬೇಕೆಂಬ ಕಟ್ಟಳೆ ಇಲ್ಲ.

ಇಷ್ಟು ಸ್ವಾತಂತ್ರ್ಯ ಕೊಡುವ ಆಟ ಬಾಗಿಲಲ್ಲೇ ಆಡುವವನನ್ನು ತಡೆದು, ನೀನು ಯಾರು ಎಂದು ಕೇಳುತ್ತದೆ. ಆಟದ ಭಾಷೆಯಲ್ಲಿ ಇದಕ್ಕೆ ಕ್ಲಾಸ್ ಎಂದು ಹೆಸರು. ಕನ್ನಡದ ಕಸುಬು ಎಂಬ ಮಾತು ಅದಕ್ಕೆ ಹತ್ತಿರ. ಉತ್ತರ ಕೊಡಲು ಮೂರು ದಾರಿಗಳಿವೆ. ಸಿದ್ಧವಾಗಿರುವ 21 ಕಸುಬುಗಳ ಪಟ್ಟಿಯಿಂದ ಒಂದನ್ನು ಆರಿಸಬಹುದು. ಅಧಿಕಾರಿ ಕೇಳುವ 10 ಪ್ರಶ್ನೆಗಳಿಗೆ ಉತ್ತರಿಸಿ, ತನ್ನ ಸ್ವಭಾವಕ್ಕೆ ಯಾವುದು ಒಪ್ಪುತ್ತದೆಂದು ಅವನಿಂದಲೇ ಕೇಳಿ ತಿಳಿಯಬಹುದು. ಇಲ್ಲವೇ ತನ್ನ ಕಸುಬನ್ನು ತಾನೇ ಕಟ್ಟಿಕೊಂಡು ಅದಕ್ಕೊಂದು ಹೆಸರನ್ನೂ ಇಡಬಹುದು.

ಶಿವಮೊಗ್ಗದ ಔಷಧ ಅಂಗಡಿಯೊಂದರ ಮಾಲೀಕರು ಈ ಪ್ರಶ್ನೆಯ ಮುಂದೆ ಬಂದು ಕುಳಿತದ್ದು 2020ರ ಲಾಕ್‌ಡೌನ್ ದಿನಗಳಲ್ಲಿ. ಊರೆಲ್ಲ ಮುಚ್ಚಿದ್ದರೂ ಔಷಧ ಅಂಗಡಿಗೆ ವಿನಾಯಿತಿ ಇತ್ತು. ಹಗಲೆಲ್ಲ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಗುಳಿಗೆ ಎಣಿಸುವುದು, ರಾತ್ರಿ ಮನೆಗೆ ಬಂದರೆ ಟೀವಿಯಲ್ಲಿ ಸತ್ತವರ ಲೆಕ್ಕ. ಪುಣೆಯಲ್ಲಿ ಕೆಲಸಕ್ಕಿದ್ದ ಮಗ ಬಿಟ್ಟು ಹೋಗಿದ್ದ ಹಳೆಯ ಕಂಪ್ಯೂಟರ್ ಒಂದು ಮಹಡಿಯ ಕೋಣೆಯಲ್ಲಿತ್ತು. ಟೀವಿ ನೋಡುವ ಬದಲು ಇದನ್ನಾದರೂ ಆಡು ಎಂದು ಮಗನೇ ಫೋನಿನಲ್ಲಿ ದಾರಿ ಹೇಳಿಕೊಟ್ಟ.

ಅಂಗಡಿಯವರಿಗೆ ಆಗ 52 ವರ್ಷ. ಕಸುಬು ಯಾವುದು ಎಂದು ಅವರನ್ನು ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಹುಟ್ಟುವ ಮೊದಲೇ ಅಂಗಡಿ ಇತ್ತು. ಔಷಧ ಕಂಪನಿಯೊಂದರ ಪ್ರತಿನಿಧಿಯಾಗಿ ಚೀಲ ಹಿಡಿದು ಊರೂರು ತಿರುಗುವ ಕೆಲಸವೊಂದು 22ನೇ ವಯಸ್ಸಿನಲ್ಲಿ ಕೈಗೆ ಬಂದಿತ್ತು. ಅದೇ ತಿಂಗಳು ತಂದೆಗೆ ಲಕ್ವ ಹೊಡೆಯಿತು. ಅಂಗಡಿಯ ಸ್ಟೂಲಿನ ಮೇಲೆ ಎರಡು ವಾರದ ಮಟ್ಟಿಗೆಂದು ಕುಳಿತವರು 30 ವರ್ಷ ಏಳಲಿಲ್ಲ. ಇದನ್ನು ಅವರು ದುಃಖವೆಂದು ಹೇಳಿಕೊಂಡವರಲ್ಲ. ಹೇಳಿಕೊಳ್ಳುವಂಥದ್ದು ಎಂದು ಅನ್ನಿಸಿಯೂ ಇರಲಿಲ್ಲ.

ದಾಳ ಬರೆದ ಹಣೆಬರಹ

ಈ ಕಸುಬಿನ ಪ್ರಶ್ನೆ ಹುಟ್ಟಿದ್ದು ಕಂಪ್ಯೂಟರಿನಲ್ಲಿ ಅಲ್ಲ. ಕಾಗದ, ಪೆನ್ಸಿಲು ಮತ್ತು ದಾಳಗಳ ನಡುವೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಪ್ರಕಟಿಸಿದರು. ನಾಲ್ಕಾರು ಜನ ಮೇಜಿನ ಸುತ್ತ ಕುಳಿತು, ಒಬ್ಬ ಹೇಳುವ ಕಥೆಯೊಳಗೆ ಉಳಿದವರು ಪಾತ್ರಗಳಾಗಿ ನಡೆಯುವ ಆಟ ಅದು. ಮೊದಲಿಗೆ ಕಸುಬುಗಳು ಮೂರೇ. ಕಾದಾಡುವವನು, ಮಂತ್ರ ಬಲ್ಲವನು, ದೇವರ ಸೇವಕ. ಕಳ್ಳನಿಗೆ ಜಾಗ ಸಿಕ್ಕಿದ್ದು 1975ರ ಪುರವಣಿ ಪುಸ್ತಕದಲ್ಲಿ.

ಅಲ್ಲಿ ಆಯ್ಕೆಗಿಂತ ವಿಧಿಯ ಪಾಲು ದೊಡ್ಡದು. ಬಲ, ಬುದ್ಧಿ, ವಿವೇಕ, ತಾಳಿಕೆ, ಚುರುಕು, ವರ್ಚಸ್ಸು ಎಂಬ ಆರು ಗುಣಗಳಿಗೆ ಒಂದೊಂದಕ್ಕೂ ಮೂರು ದಾಳ ಎಸೆಯಬೇಕು. ಬಂದ ಮೊತ್ತವೇ ಆ ಗುಣದ ಅಳತೆ. ಕಡಿಮೆ ಎಂದರೆ 3, ಹೆಚ್ಚೆಂದರೆ 18. ಪೂರ್ಣ 18 ಬೀಳುವ ಸಾಧ್ಯತೆ 216ರಲ್ಲಿ ಒಂದು. ಮಂತ್ರವಾದಿಯಾಗುವ ಆಸೆಯಿಂದ ಕುಳಿತವನಿಗೆ ಬುದ್ಧಿಯ ದಾಳದಲ್ಲಿ 5 ಬಿದ್ದರೆ ಅವನು ಗದೆ ಹೊರುವುದೇ ಲೇಸು. ಮಕ್ಕಳ ಜಾತಕ ಬರೆಸುವ ತಂದೆತಾಯಿಯರಿಗೆ ಈ ಪದ್ಧತಿ ಹೊಸದೆನಿಸಲಾರದು.

ಹನ್ನೊಂದು ವರ್ಷಗಳ ನಂತರ, 1985ರಲ್ಲಿ, ರಿಚರ್ಡ್ ಗ್ಯಾರಿಯೆಟ್ ಎಂಬಾತ ‘ಅಲ್ಟಿಮಾ’ ಮಾಲೆಯ ನಾಲ್ಕನೆಯ ಆಟ ಹೊರತಂದಾಗ ದಾಳವನ್ನು ಕೆಳಗಿಟ್ಟ. ಅವತಾರ ಎಂಬ ನಮ್ಮದೇ ಮಾತನ್ನು ಆಟದ ಹೆಸರಿನಲ್ಲಿ ಬಳಸಿದವನು ಅವನು. ಅವನ ಆಟದಲ್ಲಿ ಕಣಿ ಹೇಳುವ ಅಲೆಮಾರಿ ಹೆಂಗಸೊಬ್ಬಳು ಎಲೆಗಳನ್ನು ಹರಡಿ ಏಳು ಪ್ರಶ್ನೆ ಕೇಳುತ್ತಾಳೆ. ಯಾವುದಕ್ಕೂ ಸರಿಯುತ್ತರ ಎಂಬುದಿಲ್ಲ. ಇನ್ನೊಬ್ಬರಿಗೆ ತಲುಪಿಸಲು ಕೊಟ್ಟ, ಎಣಿಸದ ಹಣದ ಚೀಲ ಕೈಯಲ್ಲಿದೆ. ದಾರಿಯಲ್ಲಿ ಭಿಕ್ಷುಕನೊಬ್ಬ ಕೈಚಾಚುತ್ತಾನೆ. ಚೀಲವನ್ನು ಹಾಗೆಯೇ ತಲುಪಿಸಿದರೆ ಅದು ಪ್ರಾಮಾಣಿಕತೆ, ಒಂದು ನಾಣ್ಯ ತೆಗೆದುಕೊಟ್ಟರೆ ಅದು ಕರುಣೆ. ಎರಡೂ ಒಳ್ಳೆಯವೇ. ಆದರೆ ಒಂದನ್ನು ಹಿಡಿದರೆ ಇನ್ನೊಂದು ಕೈಬಿಡುತ್ತದೆ. ಎಂಟು ಸದ್ಗುಣಗಳು ಹೀಗೆ ಜೋಡಿಜೋಡಿಯಾಗಿ ಎದುರಾಗಿ, ಕೊನೆಗೆ ಉಳಿದ ಒಂದು ಗುಣ ಆಟಗಾರನ ಕಸುಬನ್ನು ತೀರ್ಮಾನಿಸುತ್ತದೆ. ಪ್ರಾಮಾಣಿಕತೆ ಉಳಿದರೆ ಮಂತ್ರವಾದಿ, ಕರುಣೆ ಉಳಿದರೆ ಹಾಡುಗಾರ, ಶೌರ್ಯ ಉಳಿದರೆ ಯೋಧ.

ವಿನಯ ಉಳಿದರೆ? ಅವನು ಕುರುಬ. ಆ ಆಟದಲ್ಲಿ ಎಲ್ಲರಿಗಿಂತ ದುರ್ಬಲ. ಮಂತ್ರ ಬಾರದು, ದೊಡ್ಡ ಆಯುಧ ಹಿಡಿಯುವಂತಿಲ್ಲ. ಅವನ ಪಯಣ ಶುರುವಾಗುವುದೂ ಅಹಂಕಾರದಿಂದ ಹಾಳಾಗಿ ದೆವ್ವಗಳ ವಾಸವಾದ ಪಾಳು ಊರಿನಲ್ಲಿ. ವಿನಯವೇ ದೊಡ್ಡದೆಂದು ಮನಸ್ಸಿನಿಂದ ಉತ್ತರಿಸಿದವನಿಗೆ ಸಿಗುವ ಬಹುಮಾನ ಇದು. ಬೇಸರಪಟ್ಟು ಮತ್ತೆ ಮೊದಲಿನಿಂದ ಶುರುಮಾಡಿ, ಈ ಸಲ ಸ್ವಲ್ಪ ಸುಳ್ಳು ಹೇಳಿ ಯೋಧನಾಗುವ ಆಟಗಾರ ವಿನಯದ ಪರೀಕ್ಷೆಯಲ್ಲಿ ಎಷ್ಟು ಅಂಕ ಪಡೆದ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬೆಥೆಸ್ಡಾ ಸಂಸ್ಥೆಯೇ 1996ರಲ್ಲಿ ಹೊರತಂದ ‘ಡ್ಯಾಗರ್‌ಫಾಲ್’ ಆಟದಲ್ಲಿ ಕಸುಬು ಕಟ್ಟುವುದೆಂದರೆ ಅಂಗಡಿಗೆ ಹೋದ ಹಾಗೆ. ರೋಗ ತಾಗದ ಮೈ ಬೇಕೇ? ಇದೆ. ಗಾಯ ಬೇಗ ಮಾಯಬೇಕೇ? ಅದೂ ಇದೆ. ಆದರೆ ಪಕ್ಕದಲ್ಲಿ ತಕ್ಕಡಿಯ ಮುಳ್ಳಿನಂತೆ ಒಂದು ಕಠಾರಿಯ ಚಿತ್ರವಿದೆ. ವರ ಕೊಂಡಂತೆಲ್ಲ ಅದು ಮೇಲೇರುತ್ತದೆ. ಅದು ಮೇಲೇರಿದಷ್ಟೂ ಮುಂದೆ ಆಟದಲ್ಲಿ ಮೇಲಿನ ಹಂತಕ್ಕೆ ಏರುವುದು ನಿಧಾನ. ಮುಳ್ಳನ್ನು ಇಳಿಸಬೇಕಾದರೆ ಶಾಪಗಳನ್ನೂ ಕೊಳ್ಳಬೇಕು. ಬಿಸಿಲಿಗೆ ಮೈ ಸುಡುವುದು, ದೇವಸ್ಥಾನದೊಳಗೆ ಕಾಲಿಟ್ಟರೆ ನೋವಾಗುವುದು, ಇಂತಿಂಥ ಲೋಹದ ಆಯುಧ ಮುಟ್ಟದಿರುವುದು. ಬುದ್ಧಿವಂತರು ತಮಗೆ ಎಂದೂ ಅಡ್ಡಬಾರದ ಶಾಪಗಳನ್ನೇ ಹುಡುಕಿ ಆರಿಸಿದರು. ಮನೆಯ ಒಳಗೂ ಅಲ್ಲ ಹೊರಗೂ ಅಲ್ಲ, ಹಗಲೂ ಅಲ್ಲ ಇರುಳೂ ಅಲ್ಲ ಎಂದು ಷರತ್ತು ಹಾಕಿ ವರ ಪಡೆದ ಹಿರಣ್ಯಕಶಿಪು ಇವರೆಲ್ಲರ ಹಿರಿಯಣ್ಣ. ಅವನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ, ಹೊಸ್ತಿಲೊಂದನ್ನು ಬಿಟ್ಟರೆ.

ಏಡಿಯ ಪಾಠ

ಮಾರೋವಿಂಡ್‌ನಲ್ಲಿ ಕಲಿಯಬಹುದಾದ ವಿದ್ಯೆಗಳು ಒಟ್ಟು 27. ಉದ್ದ ಕತ್ತಿ, ಗಿಡ್ಡ ಕತ್ತಿ, ಈಟಿ, ಓಟ, ಜಿಗಿತ, ಬೀಗ ಒಡೆಯುವುದು, ಚೌಕಾಸಿ, ಮಾತುಗಾರಿಕೆ, ಔಷಧ ಕೂಡಿಸುವುದು, ಗಾಯ ಮಾಯಿಸುವ ಮಂತ್ರ, ಹೀಗೆ. ಕಸುಬು ಕಟ್ಟುವವನು ಇವುಗಳಲ್ಲಿ ಐದನ್ನು ಪ್ರಧಾನವೆಂದೂ ಐದನ್ನು ಗೌಣವೆಂದೂ ಆರಿಸಬೇಕು. ಪ್ರಧಾನ ವಿದ್ಯೆ 30ರಿಂದ ಶುರು, ಗೌಣ ವಿದ್ಯೆ 15ರಿಂದ. ಉಳಿದ 17 ವಿದ್ಯೆಗಳಿಗೆ 5. ಕುಲ ಮತ್ತು ಒಲವಿನ ಪ್ರಕಾರ ಕೆಲವಕ್ಕೆ ಅಷ್ಟಿಷ್ಟು ಸೇರುತ್ತದೆ. ಆರಿಸಿದ ಹತ್ತರಲ್ಲಿ ಒಟ್ಟು ಹತ್ತು ಅಂಕ ಏರಿದರೆ ಆಟಗಾರ ಒಂದು ಹಂತ ಮೇಲೆ ಹೋದ ಹಾಗೆ. ಬಿಟ್ಟ 17 ವಿದ್ಯೆಗಳನ್ನು ಆಮೇಲೆ ಕಲಿಯಬಾರದು ಎಂದೇನಿಲ್ಲ. ಕಲಿತರೆ ಬರುತ್ತವೆ, ನಿಧಾನವಾಗಿ. ಆದರೆ ಹಂತದ ಲೆಕ್ಕಕ್ಕೆ ಬರುವುದಿಲ್ಲ.

ಅಂಗಡಿಯವರು ಮೊದಲ ಸಲ ಆರಿಸಿದ್ದು ವೀರನ ಕಸುಬು. ಉದ್ದ ಕತ್ತಿ, ಭಾರದ ಕವಚ, ಗುರಾಣಿ. ಆಟವೆಂದ ಮೇಲೆ ಹೊಡೆದಾಟವಲ್ಲದೆ ಇನ್ನೇನು ಎಂಬುದು ಅವರ ಎಣಿಕೆ. ಕಚೇರಿಯಿಂದ ಹೊರಬಿದ್ದು ಸೇಡಾ ನೀನ್ ಎಂಬ ಆ ಮೊದಲ ಊರಿನ ಕಡಲಂಚಿಗೆ ಹೋದರು. ಅಲ್ಲೊಂದು ಏಡಿ. ನಾಯಿಮರಿಯಷ್ಟು ದೊಡ್ಡದು. ಮೂರು ರಾತ್ರಿ ಆ ಏಡಿಯೇ ಗೆದ್ದಿತು.

“ಅಪ್ಪಾ, ಎಲ್ಲಿಗೆ ಬಂದೆ?” ಎಂದು ಪುಣೆಯಿಂದ ಫೋನು.

“ಇನ್ನೂ ಸೇಡಾ ನೀನ್ ಕಣೋ.”

“ಅದು ಮೊದಲನೇ ಊರಪ್ಪ! ಒಂದು ವಾರ ಆಯ್ತಲ್ಲ.”

“ಏಡಿ ಬಿಡ್ತಿಲ್ಲ ಮಗಾ. ಎಷ್ಟು ಹೊಡೆದರೂ ತಾಗೋದೇ ಇಲ್ಲ. ಕಂಪ್ಯೂಟರ್ ಕೆಟ್ಟಿದೆಯೋ ಏನೋ.”

“ಕೈಯಲ್ಲಿ ಏನು ಹಿಡ್ಕೊಂಡಿದೀಯ?”

“ಚಾಕು. ಆ ಕಚೇರೀಲೇ ಮೇಜಿನ ಮೇಲೆ ಬಿದ್ದಿತ್ತು, ತಗೊಂಡು ಬಂದೆ.”

ಮಗ ನಕ್ಕು ಸುಸ್ತಾದ. “ಅಪ್ಪಾ, ನೀನು ಕಲಿತಿರೋದು ಉದ್ದ ಕತ್ತಿ. ಚಾಕು ಬೇರೆ ವಿದ್ಯೆ. ಅದರಲ್ಲಿ ನಿನಗೆ ಐದೇ ಅಂಕ. ಸಾಲದ್ದಕ್ಕೆ ಓಡಿಕೊಂಡು ಹೋಗಿ ಹೊಡೀತೀಯ ಅಲ್ವಾ? ಏದುಸಿರು ಬಿಡುವವನ ಕೈ ಸರಿಯಾಗಿ ಬೀಳೋದಿಲ್ಲ.”

ಇದು ತಮಾಷೆಯ ಮಾತಲ್ಲ, ಆಟದ ಒಳಗಿನ ಗಣಿತ. ಏಟು ತಾಗುವ ಸಾಧ್ಯತೆಗೆ ಒಂದು ಸೂತ್ರವಿದೆ. ಆ ಆಯುಧದ ವಿದ್ಯೆಗೆ ಚುರುಕುತನದ ಐದನೆಯ ಒಂದು ಭಾಗ, ಅದೃಷ್ಟದ ಹತ್ತನೆಯ ಒಂದು ಭಾಗ ಸೇರಿಸಬೇಕು. ಬಂದದ್ದನ್ನು ದಣಿವಿನ ಅಳತೆಯಿಂದ ಗುಣಿಸಬೇಕು. ದಣಿವೇ ಇಲ್ಲದಿದ್ದರೆ ಒಂದೂಕಾಲು ಪಾಲು, ಪೂರ್ತಿ ದಣಿದಿದ್ದರೆ ಮುಕ್ಕಾಲು. ಚುರುಕು 40, ಅದೃಷ್ಟ 40 ಇರುವವನು ಅರಿಯದ ಚಾಕು ಹಿಡಿದರೆ ನೂರಕ್ಕೆ 21 ಏಟು ತಾಗುತ್ತವೆ. ಓಡಿ ದಣಿದು ಬಂದಿದ್ದರೆ 13. ಅದೇ ಮನುಷ್ಯ 35 ಅಂಕ ಕಲಿತ ಉದ್ದ ಕತ್ತಿಯನ್ನು ನಿಧಾನವಾಗಿ ನಡೆದು ಬಂದು ಬೀಸಿದರೆ ನೂರಕ್ಕೆ 58ರ ಮೇಲೆ. ಏಡಿ ತಪ್ಪಿಸಿಕೊಳ್ಳುವ ಲೆಕ್ಕವನ್ನು ಇದರಲ್ಲಿ ಕಳೆಯಬೇಕು, ಅಷ್ಟೆ. ಫಾರಂನಲ್ಲಿ ಬರೆದದ್ದೊಂದು, ಕೈಯಲ್ಲಿ ಹಿಡಿದದ್ದು ಇನ್ನೊಂದು. ಈ ಆಟದಲ್ಲಿ ಹೊಸಬರು ಸೋಲುವುದು ಬಹುಮಟ್ಟಿಗೆ ಇಲ್ಲಿಯೇ.

ಎರಡನೆಯ ಸಲ ಅಂಗಡಿಯವರು ತಾವು ಬಲ್ಲದ್ದನ್ನೇ ಆರಿಸಿದರು. ಔಷಧ ಕೂಡಿಸುವ ವಿದ್ಯೆ. ಆ ಲೋಕದ ಪ್ರತಿ ಬೇರು, ಅಣಬೆ, ಕಾಳಿಗೂ ನಾಲ್ಕರವರೆಗೆ ಗುಣಗಳು. ಕಲಿಯುವವನಿಗೆ ಎಲ್ಲವೂ ಒಟ್ಟಿಗೆ ಕಾಣುವುದಿಲ್ಲ. ವಿದ್ಯೆ 15 ಆದಾಗ ಒಂದು ಗುಣ ಗೊತ್ತಾಗುತ್ತದೆ, 30ಕ್ಕೆ ಎರಡು, 45ಕ್ಕೆ ಮೂರು, 60ಕ್ಕೆ ನಾಲ್ಕು. ಒಂದೇ ಗುಣವಿರುವ ಎರಡು ವಸ್ತುಗಳನ್ನು ಕುಟ್ಟಾಣಿಯಲ್ಲಿ ಅರೆದರೆ ಆ ಗುಣದ ಔಷಧ ಸಿದ್ಧ. ಡಿಪ್ಲೊಮಾ ಓದಿ, ಮೂವತ್ತು ವರ್ಷ ಅಂಗಡಿ ನಡೆಸಿ, ಕಂಪನಿಯವರು ಮಾಡಿ ಕಳಿಸಿದ ಗುಳಿಗೆಯ ಹಾಳೆ ಕತ್ತರಿಸಿ ಕೊಡುವುದನ್ನು ಬಿಟ್ಟು ಸ್ವಂತ ಕೈಯಿಂದ ಏನನ್ನೂ ಅರೆಯದಿದ್ದ ಮನುಷ್ಯ ಆ ಒಂದು ತಿಂಗಳು ಹೊತ್ತು ಹೋದದ್ದು ತಿಳಿಯದೆ ಅರೆದರು. ಯಾವುದಕ್ಕೆ ಯಾವುದು ಕೂಡುತ್ತದೆಂದು ಹಳೆಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟುಕೊಂಡರು.

ಆಮೇಲೆ ಮಗ ಒಂದು ಗುಟ್ಟು ಹೇಳಿದ. ಬುದ್ಧಿ ಹೆಚ್ಚಿಸುವ ಔಷಧ ಮಾಡಿ ಕುಡಿದರೆ ಬುದ್ಧಿ ಹೆಚ್ಚುತ್ತದೆ. ಹೆಚ್ಚಿದ ಬುದ್ಧಿಯಿಂದ ಮಾಡಿದ ಅದೇ ಔಷಧ ಇನ್ನೂ ಬಲವಾಗುತ್ತದೆ. ಅದನ್ನು ಕುಡಿದು ಮತ್ತೊಂದು ಮಾಡಿದರೆ ಇನ್ನೂ ಬಲ. ಈ ಸುತ್ತಿಗೆ ಕೊನೆಯಿಲ್ಲ. ಒಂದು ರಾತ್ರಿ ಕಳೆಯುವುದರೊಳಗೆ ಅಂಗಡಿಯವರ ಬಳಿ ಬೆಟ್ಟ ಹಾರುವ ಔಷಧ, ಸಾವೇ ಬಾರದ ಔಷಧ ಎಲ್ಲವೂ ಇದ್ದವು. ಆಟದ ದೇವರುಗಳೂ ಅವರ ಮುಂದೆ ಏಡಿಮರಿಗಳು. ಮರುದಿನ ರಾತ್ರಿ ಮಹಡಿಗೆ ಹೋದವರು ಹತ್ತು ನಿಮಿಷದಲ್ಲಿ ಕೆಳಗಿಳಿದು ಬಂದರು. ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಎಲ್ಲ ಬೇಕೆಂದವರ ಪಾಡು

ಬೇಡವಾದದ್ದನ್ನು ಬಿಡುವುದು ಸುಲಭ. ಬೇಕಾದದ್ದನ್ನು ಬಿಡುವುದೇ ಕಸುಬು ಕಟ್ಟುವುದರ ತಿರುಳು. ಆಟ ಕಟ್ಟುವವರಿಗೂ ಇದೇ ತಲೆನೋವು. 1997ರಲ್ಲಿ ಬಂದ ‘ಅಲ್ಟಿಮಾ ಆನ್‌ಲೈನ್’ ಆಟದಲ್ಲಿ ಸಾವಿರಾರು ಜನ ಒಂದೇ ಲೋಕದಲ್ಲಿ ಬದುಕುತ್ತಿದ್ದರು. ಅಲ್ಲಿ ಮನುಷ್ಯನೊಬ್ಬ ಕಲಿಯಬಹುದಾದ ವಿದ್ಯೆಯ ಒಟ್ಟು ಮೊತ್ತ 700 ಎಂದು ಗೆರೆ ಎಳೆದಿದ್ದರು. ಒಂದೊಂದರಲ್ಲಿ ನೂರರಂತೆ ಏಳು ವಿದ್ಯೆ. ಆ ಗೆರೆ ಮುಟ್ಟಿದ ಮೇಲೆ ಹೊಸದೊಂದು ಏರಬೇಕಾದರೆ ಹಳೆಯದೊಂದು ಇಳಿಯಬೇಕು. ಅದರಿಂದಲೇ ಆ ಲೋಕದಲ್ಲಿ ಕಮ್ಮಾರನಿಗೆ ದರ್ಜಿ ಬೇಕಾದ, ದರ್ಜಿಗೆ ಬಡಗಿ ಬೇಕಾದ. ಎಲ್ಲರಿಗೂ ಎಲ್ಲವೂ ಬರುವಂತಿದ್ದರೆ ಅಲ್ಲೊಂದು ಸಂತೆಯೇ ಸೇರುತ್ತಿರಲಿಲ್ಲ.

ಮಾರೋವಿಂಡ್‌ನ ತಮ್ಮನಂತೆ 2006ರಲ್ಲಿ ಬಂದ ‘ಅಬ್ಲಿವಿಯನ್’ ಆಟದಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಪ್ರಧಾನ ವಿದ್ಯೆಗಳು ಅಲ್ಲಿ ಏಳು. ಅವು ಏರಿದಂತೆ ಆಟಗಾರನ ಹಂತ ಏರುತ್ತದೆ. ಅವನ ಹಂತ ಏರಿದಂತೆ ಲೋಕದ ಶತ್ರುಗಳೂ ಬಲಿಯುತ್ತಾರೆ. ದಾರಿಗಳ್ಳನೂ ಒಂದು ದಿನ ರಾಜರು ತೊಡುವಂಥ ಕವಚ ತೊಟ್ಟು ನಿಂತಿರುತ್ತಾನೆ. ಹಂತ ಏರುವಾಗ ಗುಣಗಳು ಎಷ್ಟು ಹೆಚ್ಚಬೇಕು ಎಂಬುದಕ್ಕೆ ಬೇರೊಂದು ಲೆಕ್ಕ. ಇದನ್ನರಿತ ಜಾಣರು ಪುಸ್ತಕ ಪೆನ್ಸಿಲು ಹಿಡಿದು ಕುಳಿತರು. ತಾವು ದಿನವೂ ಬಳಸುವ ವಿದ್ಯೆಗಳನ್ನು ಬಿಟ್ಟು, ಬಳಸದ ವಿದ್ಯೆಗಳನ್ನೇ ಪ್ರಧಾನವೆಂದು ಬರೆದರು. ಹಾಗೆ ಮಾಡಿದರೆ ಹಂತ ಯಾವಾಗ ಏರಬೇಕೆಂಬ ಹಿಡಿತ ತಮ್ಮ ಕೈಯಲ್ಲಿರುತ್ತದೆ. ಬದುಕುವುದು ಒಂದು, ಕಾಗದದ ಮೇಲೆ ತೋರಿಸುವುದು ಇನ್ನೊಂದು. ಗೆಲುವಿಗೆ ಇದೇ ಒಳ್ಳೆಯ ದಾರಿಯಾದಾಗ ಕಸುಬು ಎಂಬ ಮಾತಿಗೆ ಅರ್ಥವೇ ಉಳಿಯಲಿಲ್ಲ. 2025ರಲ್ಲಿ ಆ ಆಟವನ್ನು ಹೊಸ ರೂಪದಲ್ಲಿ ತಂದಾಗ ಈ ಲೆಕ್ಕವನ್ನು ಬದಲಿಸಿದರು.

2011ರಲ್ಲಿ ‘ಸ್ಕೈರಿಮ್’ ಬಂತು. ಅದರಲ್ಲಿ ಕಸುಬಿನ ಪ್ರಶ್ನೆಯನ್ನೇ ತೆಗೆದು ಹಾಕಿದರು. 18 ವಿದ್ಯೆಗಳಲ್ಲಿ ಯಾವುದನ್ನು ಬಳಸಿದರೆ ಅದು ಬೆಳೆಯುತ್ತದೆ. ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಮೊದಲೇ ಮಾತು ಕೊಡಬೇಕಾಗಿಲ್ಲ. ಇದಕ್ಕಿಂತ ನ್ಯಾಯ ಇನ್ನೇನು ಬೇಕು? ಆದರೂ ಆಟಗಾರರ ನಡುವೆ ಒಂದು ನಗೆಮಾತು ಹುಟ್ಟಿಕೊಂಡಿತು. ಮಂತ್ರವಾದಿಯಾಗುತ್ತೇನೆಂದು ಹೊರಟವನಾಗಲಿ, ಕೊಡಲಿ ಹಿಡಿದು ಹೊರಟವನಾಗಲಿ, ಕೊನೆಗೆ ಎಲ್ಲರೂ ಕತ್ತಲಲ್ಲಿ ಬಾಗಿ ಕುಳಿತು ದೂರದಿಂದ ಬಾಣ ಬಿಡುವವರೇ ಆಗುತ್ತಾರಂತೆ. ಕಾರಣ ಸರಳ. ಅದು ಸುಲಭ, ಪೆಟ್ಟು ಬೀಳುವುದಿಲ್ಲ. ಯಾರೂ ತಡೆಯದಿದ್ದರೆ ನೀರು ತಗ್ಗಿಗೇ ಹರಿಯುತ್ತದೆ.

ಮಗನಿಗೆ ಸ್ಕೈರಿಮ್ ಹೆಚ್ಚು ಇಷ್ಟ. ಅದನ್ನೇ ಆಡು ಎಂದು ಒತ್ತಾಯ ಮಾಡಿದ. ಅಂಗಡಿಯವರು ಒಪ್ಪಲಿಲ್ಲ. “ಕೇಳಲಿ ಬಿಡೋ. ಅವನೊಬ್ಬನಾದರೂ ಕೇಳ್ತಾನೆ” ಎಂದರು. ಅವನು ಎಂದರೆ ಯಾರೆಂದು ಮಗನಿಗೆ ತಿಳಿಯಲು ಕೊಂಚ ಹೊತ್ತು ಹಿಡಿಯಿತು. ಸೇಡಾ ನೀನ್ ಕಚೇರಿಯ ಮುದುಕ.

ಮೂರನೆಯವನು

ಮೂರನೆಯ ಸಲ ಅವರು ಅವಸರಪಡಲಿಲ್ಲ. ಎರಡು ರಾತ್ರಿ 27ರ ಪಟ್ಟಿಯ ಮುಂದೆಯೇ ಕುಳಿತರು. ಈ ಸಲ ಯಾವುದು ಗೆಲ್ಲಿಸುತ್ತದೆ ಎಂದು ನೋಡಲಿಲ್ಲ. ಊರೂರು ತಿರುಗುವವನಿಗೆ ಏನು ಬೇಕು ಎಂದು ನೋಡಿದರು. ಮಾತುಗಾರಿಕೆ ಬೇಕು. ಚೌಕಾಸಿ ಬೇಕು. ಗಾಯ ಮಾಯಿಸುವುದು ಗೊತ್ತಿರಬೇಕು. ನಡೆಯುವ, ಈಜುವ ಕಾಲು ಬೇಕು. ಮೇಲೆ ಬೀಳುವ ಮೃಗವನ್ನು ಕೊಲ್ಲದೆ ಶಾಂತಗೊಳಿಸುವ ಮಾಯೆ ಬೇಕು. ಇವು ಐದು ಪ್ರಧಾನ. ನೀರಿನ ಮೇಲೆ ನಡೆಸುವ ಮಂತ್ರ, ಆಪತ್ತಿನಲ್ಲಿ ಗುಡಿಯ ಬಳಿಗೆ ತಲುಪಿಸುವ ಮಂತ್ರ, ಹಗುರ ಕವಚ, ಊರುಗೋಲೂ ಆಗುವ ಈಟಿ, ಹರಿದದ್ದನ್ನು ರಿಪೇರಿ ಮಾಡುವ ಕೈಚಳಕ. ಇವು ಐದು ಗೌಣ. ಮಾತಿಗೂ ವ್ಯಾಪಾರಕ್ಕೂ ಹತ್ತು ಹತ್ತು ಅಂಕ ಹೆಚ್ಚು ಕೊಡುವ ಕುಲವನ್ನು ಬಂದರಿನಲ್ಲೇ ಆರಿಸಿದ್ದರು. ಹಾಗಾಗಿ ಮಾತುಗಾರಿಕೆ 45ರಿಂದಲೇ ಶುರು. ಔಷಧ ಕೂಡಿಸುವ ವಿದ್ಯೆ ಬಿಟ್ಟ 17ರಲ್ಲಿ ಹೋಯಿತು. ಅದನ್ನು ಬಿಡುವಾಗ ಕೈ ಸ್ವಲ್ಪ ತಡೆಯಿತಂತೆ. ಕಸುಬಿನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಯಾತ್ರಿಕ ಎಂದು ಬರೆದರು.

ಯಾತ್ರಿಕನಿಗೆ ಏಡಿಯನ್ನು ಕೊಲ್ಲಬೇಕಾಗಿರಲಿಲ್ಲ. ಸುತ್ತಿ ಹೋದರಾಯಿತು. ಅಲ್ಲಿಂದ ಮುಂದೆ ಆ ದ್ವೀಪ ಅವರಿಗೆ ಮೊದಲ ಸಲ ಊರುಗಳಾಗಿ ಕಂಡಿತು. ಮಾರೋವಿಂಡ್‌ನಲ್ಲಿ ಹೋಗಬೇಕಾದ ಜಾಗಕ್ಕೆ ಬಾಣದ ಗುರುತು ತೋರಿಸುವ ವ್ಯವಸ್ಥೆ ಇಲ್ಲ. ಸೇತುವೆ ದಾಟಿ, ಕವಲಿನಲ್ಲಿ ಬಡಗಣಕ್ಕೆ ತಿರುಗಿ, ಎಡಗಡೆಯ ಬಂಡೆ ನೋಡಿಕೊಂಡು ಹೋಗು ಎಂದು ಜನ ಬಾಯಲ್ಲಿ ಹೇಳುತ್ತಾರೆ. ಮರದೆತ್ತರದ ಅಣಬೆಗಳು, ಬೂದಿಯ ಬಿರುಗಾಳಿ, ಊರಿಂದೂರಿಗೆ ಜನರನ್ನು ಹೊತ್ತು ನಡೆಯುವ ಬಸ್ಸಿಗಿಂತ ದೊಡ್ಡ ಹುಳು. ವೀರನಾಗಿದ್ದಾಗ ಕತ್ತಿ ತಾಗಿತೇ ಇಲ್ಲವೇ ಎಂದು ನೋಡುತ್ತಿದ್ದವರಿಗೆ, ಔಷಧಿಯವನಾಗಿದ್ದಾಗ ಬೇರು ಕಾಳು ಮಾತ್ರ ಕಂಡವರಿಗೆ ಈಗ ದಾರಿ ಕಂಡಿತು.

ಅಲ್ಲಿಯ ದೇವಾಲಯ ಯಾತ್ರಿಕರಿಗೆ ಏಳು ಪುಣ್ಯಸ್ಥಳಗಳನ್ನು ಹೇಳುತ್ತದೆ. ಅದರಲ್ಲೊಂದು ಹೊಲದ ಬದಿಯ ಕಲ್ಲು. ಬಡ ರೈತನೊಬ್ಬನ ದುಡಿಯುವ ಪ್ರಾಣಿ ಸತ್ತುಹೋದಾಗ ವಿವೆಕ್ ಎಂಬ ದೇವರು ತಾನೇ ಅದರ ಜಾಗದಲ್ಲಿ ನಿಂತು ದುಡಿದನೆಂದು ಸ್ಥಳಪುರಾಣ. ಅಲ್ಲಿ ಕಾಣಿಕೆಯಾಗಿ ಇಡಬೇಕಾದದ್ದು ಚಿನ್ನವಲ್ಲ, ಆ ಹೊಲದಲ್ಲಿ ಬೆಳೆಯುವ ಹಸಿ ರಾಡಿಯಂಥ ಬೆಳೆ. ಮನೆಯ ಹೆಂಗಸರು ಹೊಸ ಭತ್ತದ ತೆನೆಯನ್ನು ದೇವರ ಮುಂದೆ ಇಡುವುದನ್ನು ಕಂಡವರಿಗೆ ಇದು ಬೇರೆ ಲೋಕದ ಪುರಾಣ ಎನ್ನಿಸಲಿಲ್ಲ.

ಆ ಏಳರ ಹೊರಗೆ ಇನ್ನೂ ಒಂದು ಯಾತ್ರೆ ಇದೆ. ಉತ್ತರದ ತುದಿಯ ದ್ವೀಪದಲ್ಲಿರುವ ಗುಡಿಗೆ ಮೌನವಾಗಿ ಹೋಗುವುದು. ಹೊರಟ ಮೇಲೆ ಗುಡಿ ತಲುಪುವವರೆಗೆ ಯಾರೊಡನೆಯೂ ಒಂದು ಮಾತು ಆಡುವಂತಿಲ್ಲ. ಆಡಿದರೆ ವ್ರತ ಕೆಟ್ಟಂತೆ. ದೋಣಿ ಹತ್ತಬೇಕಾದರೂ ದೋಣಿಯವನನ್ನು ಕೇಳಬೇಕು, ಹುಳುವಿನ ಬೆನ್ನೇರಬೇಕಾದರೂ ಅದರ ಮಾವುತನನ್ನು ಕೇಳಬೇಕು. ಹಾಗಾಗಿ ನಡೆದೇ ಹೋಗಬೇಕು, ನೀರು ಬಂದರೆ ಈಜಬೇಕು ಇಲ್ಲವೇ ನೀರಿನ ಮೇಲೆ ನಡೆಯುವ ಮಂತ್ರ ಹೇಳಬೇಕು. ಎಲ್ಲ ವಿದ್ಯೆಗಳ ನಡುವೆ ಮಾತನ್ನೇ ಆರಿಸಿ, ಅದಕ್ಕೇ ಹೆಚ್ಚು ಅಂಕ ಕೊಟ್ಟುಕೊಂಡು ಬಂದವನಿಗೆ ಅದನ್ನು ಬಿಟ್ಟು ನಡೆ ಎಂಬ ಅಪ್ಪಣೆ.

ಅಂಗಡಿಯವರು ಆ ಯಾತ್ರೆಯನ್ನು ಮೂರು ರಾತ್ರಿಯಲ್ಲಿ ಮುಗಿಸಿದರು. ದಾರಿಯ ಬದಿಯಲ್ಲಿ ಅಲ್ಲಲ್ಲಿ ಜನ ನಿಂತಿರುತ್ತಾರೆ. ದಾರಿ ತಪ್ಪಿದವರು, ಕಳ್ಳರ ಕೈಗೆ ಸಿಕ್ಕಿ ಎಲ್ಲ ಕಳೆದುಕೊಂಡವರು. ಹತ್ತಿರ ಹೋಗಿ ಮಾತನಾಡಿಸಿದರೆ ಮಾತ್ರ ಅವರ ಕಷ್ಟ ಏನೆಂದು ತಿಳಿಯುತ್ತದೆ. ಯಾತ್ರಿಕ ಮಾತನಾಡಿಸದೆ ಮುಂದೆ ನಡೆದ. ಮಗ ಫೋನು ಮಾಡಿ ಹೇಗಾಯಿತೆಂದು ಕೇಳಿದಾಗ ಅವರು ಗುಡಿಯ ಮಾತು ಎತ್ತಲಿಲ್ಲ.

“ದಾರೀಲಿ ಒಬ್ಬಳು ನಿಂತಿದ್ದಳು ಕಣೋ. ಏನು ಕಷ್ಟ ಇತ್ತೋ ಏನೋ. ನೋಡಿಕೊಂಡೇ ಬಂದುಬಿಟ್ಟೆ.”

“ವಾಪಸ್ ಹೋಗಿ ಕೇಳಬಹುದಲ್ಲಪ್ಪ. ವ್ರತ ಮುಗೀತಲ್ಲ, ಅಲ್ಲೇ ನಿಂತಿರ್ತಾಳೆ.”

“ಹೌದಾ? ಇನ್ನೂ ನಿಂತಿರ್ತಾಳಾ?” ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಆಟದಲ್ಲಿ ಜನ ಹಾಗೆ ಕಾಯುತ್ತಾರೆ. ಮೂವತ್ತು ವರ್ಷವಾದರೂ ಅದೇ ಜಾಗದಲ್ಲಿ, ಅದೇ ಕಷ್ಟ ಹೊತ್ತು ನಿಂತಿರುತ್ತಾರೆ. ಹೊರಗೆ ಆ ಸೌಲಭ್ಯ ಇಲ್ಲ. 22ನೇ ವಯಸ್ಸಿನಲ್ಲಿ ಬಿಟ್ಟ ಚೀಲವನ್ನು ಬೇರೆ ಯಾರೋ ಎತ್ತಿಕೊಂಡು ಹೋಗಿ, ಅವರೂ ಈಗ ನಿವೃತ್ತಿಯ ಹತ್ತಿರ ಇದ್ದಾರು. ಇದು ಅಂಗಡಿಯವರಿಗೆ ತಿಳಿಯದ್ದೇನಲ್ಲ.

ಲಾಕ್‌ಡೌನ್ ಸಡಿಲವಾಗಿ ಬಸ್ಸುಗಳು ಓಡತೊಡಗಿದ ಮೇಲೆ ಮಗ ಊರಿಗೆ ಬಂದ. ಅಪ್ಪನ ಯಾತ್ರಿಕನ ವಿವರದ ಹಾಳೆಯನ್ನು ಕಂಪ್ಯೂಟರಿನಲ್ಲಿ ತೆರೆದು ಮೇಲಿನಿಂದ ಕೆಳಗೆ ನೋಡಿದ. ಆರಿಸಿದ ಹತ್ತು ವಿದ್ಯೆಗಳೂ ಚೆನ್ನಾಗಿಯೇ ಏರಿದ್ದವು. ಕೆಳಗೆ ಬಿಟ್ಟ ಹದಿನೇಳರ ಪಟ್ಟಿಯಲ್ಲಿ ಒಂದು ಕಡೆ ಅವನ ಕಣ್ಣು ನಿಂತಿತು. ಔಷಧ ಕೂಡಿಸುವ ವಿದ್ಯೆ 5ರಿಂದ 9ಕ್ಕೆ ಬಂದಿತ್ತು. ಒಂದೇ ಒಂದು ಔಷಧವನ್ನೂ ಅರೆಯದೆ ಅದು ಹೇಗೆ ಏರಿತು ಎಂದು ಕೇಳಿದ.

“ದಾರೀಲಿ ಸಿಕ್ಕ ಎಲೆ, ಕಾಳು ಬಾಯಿಗೆ ಹಾಕ್ಕೊಂಡು ಹೋಗ್ತಿದ್ದೆ. ರುಚಿ ನೋಡೋಣ ಅಂತ” ಎಂದರು ಅಪ್ಪ.

ಆ ಆಟದಲ್ಲಿ ಅದೂ ಒಂದು ನಿಯಮ. ವಸ್ತುವನ್ನು ಹಾಗೆಯೇ ತಿಂದರೂ ಆ ವಿದ್ಯೆ ಚೂರು ಚೂರು ಬೆಳೆಯುತ್ತದೆ. ಅದರಿಂದ ಹಂತ ಏರುವುದಿಲ್ಲ. ಆದರೆ ಹಾಳೆಯ ಮೇಲೆ ಆ ಅಂಕ ಉಳಿದಿರುತ್ತದೆ.